ಎಡತುದಿಯಲ್ಲೊಂದು ಚಿಟಿಕೆ ಉಪ್ಪು

ಯುಗಾದಿಯ ದಿನ ಮಧ್ಯಾಹ್ನ ಒಂದು ಗಳಿಗೆ ಬರುತ್ತದೆ. ಅಡುಗೆ ಮುಗಿದಿರುತ್ತದೆ, ದೇವರಿಗೆ ಎಡೆ ಇಟ್ಟಾಗಿರುತ್ತದೆ, ಎಲೆ ಹಾಕಿರುತ್ತೇವೆ, ಇನ್ನೂ ಯಾರೂ ಬಂದು ಕೂತಿರುವುದಿಲ್ಲ. ನೀರು ಚಿಮುಕಿಸಿ ಒರೆಸಿದ ಐದು ಬಾಳೆಲೆ ಸಾಲಾಗಿ ಮಲಗಿರುತ್ತವೆ. ಒಂದೊಂದರ ತುದಿಯಲ್ಲೂ ಒಂದು ಚಿಟಿಕೆ ಉಪ್ಪು. ಬೇರೇನೂ ಇಲ್ಲ. ಕಿಟಕಿಯ ಬಿಸಿಲು ಬಿದ್ದರೆ, ಒರೆಸುವಾಗ ಉಳಿದುಹೋದ ಸಣ್ಣ ಹನಿಗಳು ಮಿನುಗುತ್ತವೆ. ಇಡೀ ಹಬ್ಬದಲ್ಲಿ ನನಗೆ ತುಂಬಾ ಇಷ್ಟವಾದ ನೋಟ ಇದು. ಆ ಐದರಲ್ಲಿ ನಾಲ್ಕು ಎಲೆಯ ಕುಡಿ ಎಡಕ್ಕಿರುತ್ತದೆ, ಒಂದರದ್ದು ಮಾತ್ರ ಬಲಕ್ಕೆ. ಆ ಒಂದರ ಸಂಗತಿ ಆಮೇಲೆ ಹೇಳುತ್ತೇನೆ.

ಎಲೆ ಹಾಕುವುದನ್ನು ನಾನು ಕಲಿತದ್ದು ಅಜ್ಜಿಯ ಮನೆಯಲ್ಲಿ. ಮಂಡ್ಯದ ಕಡೆಯ ನಾಲೆ ನೀರಿನ ಊರು. ಯುಗಾದಿ ಬೆಳಿಗ್ಗೆ ಮಾವ ಎತ್ತುಗಳ ಮೈ ತೊಳೆದು, ಕೊಂಬಿಗೆ ಹೂ ಕಟ್ಟಿ, ಹೊನ್ನಾರು ಹೂಡಲು ಹೊಲಕ್ಕೆ ಹೊರಟರೆ ಮಕ್ಕಳಾದ ನಮಗೆ ಹಿತ್ತಲಿಂದ ಬಾಳೆಲೆ ಕೊಯ್ದು ತರುವ ಕೆಲಸ. ಯಾವ ಎಲೆ ಕೊಯ್ಯಬೇಕು ಅನ್ನುವುದಕ್ಕೂ ಲೆಕ್ಕ ಇತ್ತು. ಸುಳಿ ಬಿಚ್ಚಿ ಎರಡು ದಿನವಾದದ್ದು ತೀರಾ ಎಳೆ, ಬಿಸಿ ಅನ್ನ ಬಿದ್ದರೆ ಸೋತುಹೋಗುತ್ತದೆ. ಕೆಳಗಿನ ಹಳೇ ಎಲೆ ಅಷ್ಟು ಹೊತ್ತಿಗೆ ಗಾಳಿಗೆ ಸೀಳಿ ಚಿಂದಿಯಾಗಿರುತ್ತದೆ. ಮೇಲಿನಿಂದ ಎರಡನೆಯದೋ ಮೂರನೆಯದೋ ಸರಿ. ಬಾಳೆಲೆಯ ನರಗಳು ನಡುದಿಂಡಿನಿಂದ ಅಂಚಿನ ಕಡೆಗೆ ಒಂದರ ಪಕ್ಕ ಒಂದು ನೆಟ್ಟಗೆ ಓಡುತ್ತವೆ. ಗಾಳಿ ಬೀಸಿದರೆ ಎಲೆ ಆ ಗೆರೆಯ ಗುಂಟವೇ ಸೀಳಿಕೊಂಡು ಗಾಳಿಗೆ ದಾರಿ ಬಿಡುತ್ತದೆ. ಒರೆಸುವಾಗಲೂ ಅದೇ ಜಾಡು ಹಿಡಿಯಬೇಕು, ದಿಂಡಿನಿಂದ ಅಂಚಿಗೆ. ಉದ್ದುದ್ದ ಎಳೆದರೆ ಹರಿಯುತ್ತದೆ. ಇದನ್ನು ಅಜ್ಜಿ ಬಾಯಲ್ಲಿ ಹೇಳಲಿಲ್ಲ. ನನ್ನ ಕೈ ಮೇಲೆ ತನ್ನ ಕೈ ಇಟ್ಟು ಎರಡು ಸಲ ಒರೆಸಿದಳು, ಅಷ್ಟೇ. ಅವಳ ಅಂಗೈ ಒರಟು, ಎಲೆ ನುಣುಪು. ನಡುವೆ ಸಿಕ್ಕ ನನ್ನ ಕೈಗೆ ಎರಡೂ ಗೊತ್ತಾಗುತ್ತಿತ್ತು.

ಎಲೆ ಹಾಕಿದ ಮೇಲೆ ಉಪ್ಪು. ಅದು ಎಲ್ಲಕ್ಕಿಂತ ಮೊದಲು, ಮೇಲ್ಗಡೆಯ ಎಡತುದಿಗೆ. ಉಪ್ಪಿನ ಪಕ್ಕಕ್ಕೆ ಉಪ್ಪಿನಕಾಯಿ, ಆಮೇಲೆ ಕೋಸಂಬರಿ, ಪಲ್ಯ, ಹಪ್ಪಳ, ಹೀಗೆ ಎಡದಿಂದ ಬಲಕ್ಕೆ ಸಾಗುತ್ತದೆ. ದಿಂಡಿನಾಚೆಗೆ ಚೂರುಚೂರು ತಿನ್ನುವಂಥವು, ದಿಂಡಿನೀಚೆಗೆ ಅನ್ನ. ದಿಂಡು ಒಂದು ಬದುವಿನ ಹಾಗೆ. ಆಚೆಗಿನ ಖಾರ ಈಚೆಗಿನ ಪಾಯಸಕ್ಕೆ ಹರಿಯದ ಹಾಗೆ ತಡೆಯುತ್ತದೆ. ಗದ್ದೆ ಮಾಡುವವರ ಮನೆಯಲ್ಲಿ ಹುಟ್ಟಿದವಳಿಗೆ ಎಲೆ ನೋಡಿದರೆ ಮೊದಲು ಹೊಳೆಯುವುದು ಮಡಿ, ಬದು, ನೀರಿನ ದಾರಿ.

ಕುಡಿ ಯಾಕೆ ಎಡಕ್ಕೇ ಇರಬೇಕು ಅಂತ ನಾನು ಅಜ್ಜಿಯನ್ನು ಕೇಳಿದ್ದೆ. "ಉಣ್ಣೋ ಕೈ ಬಲಗೈ ಅಲ್ವಾ ಮಗಾ. ಅದು ಆಡೋ ಕಡೆ ಎಲೆ ಅಗಲವಾಗಿರಬೇಕು" ಅಂದಳು. ಶಾಸ್ತ್ರ, ಸಂಪ್ರದಾಯ ಅಂತ ಒಂದು ಮಾತೂ ಆಡಲಿಲ್ಲ. ಅನ್ನ ಕಲಸುವ ಕೈಗೆ ಜಾಗ ಬೇಕು. ಎಲೆ ಬಲಕ್ಕೆ ಹಿಗ್ಗುತ್ತಾ ಹೋಗುತ್ತದೆ, ಕೈ ಅಲ್ಲಿ ಆಡುತ್ತದೆ. ಉಪ್ಪು ಕಿರಿದಾದ ತುದಿಯಲ್ಲಿ ಸುಮ್ಮನೆ ಕೂತಿರುತ್ತದೆ, ಬೇಕಾದವರು ಬೆರಳ ತುದಿಯಲ್ಲಿ ಮುಟ್ಟಿಕೊಳ್ಳುತ್ತಾರೆ. ಆ ಉತ್ತರ ನನ್ನೊಳಗೆ ಎಷ್ಟು ಗಟ್ಟಿಯಾಗಿ ಕೂತಿತ್ತು ಅನ್ನುವುದು ನನಗೆ ತಿಳಿದದ್ದು ಮೂವತ್ತು ವರ್ಷ ಕಳೆದ ಮೇಲೆ.

ಬೆಂಗಳೂರಿನಲ್ಲಿ ನಾವು ಫ್ಲಾಟ್ ಕೊಂಡು ಹೋದ ಮೊದಲ ವರ್ಷ, ಯುಗಾದಿ ಊಟ ನಮ್ಮ ಮನೆಯಲ್ಲೇ ಅಂತಾಯಿತು. ಹೊಸ ಊಟದ ಮೇಜು ಬಂದಿತ್ತು, ಆರಡಿ ಉದ್ದ, ಮೂರಡಿ ಅಗಲ. ವಸಂತದ ಮೇಜು ಹೀಗಿರಬೇಕು ಅಂತ ಫೋನಿನಲ್ಲಿ ಚಿತ್ರ ನೋಡಿ ನೋಡಿ ತಲೆ ತುಂಬಿಸಿಕೊಂಡಿದ್ದೆ. ಹಳದಿ ಹಚ್ಚಡ ಹಾಸಿದೆ. ನಡುವೆ ಗಾಜಿನ ಹೂದಾನಿಯಲ್ಲಿ ಸುಗಂಧರಾಜ, ಸುತ್ತ ಮಲ್ಲಿಗೆ ಸುರಿದೆ, ಎರಡು ದೀಪ ಹಚ್ಚಿದೆ. ಅದರ ಮೇಲೆ ಆರು ಬಾಳೆಲೆ ಹಾಕಿದೆ. ನೋಡಲು ಚೆನ್ನಾಗಿಯೇ ಇತ್ತು. ಊಟ ಶುರುವಾದ ಮೇಲೆ ಒಂದೊಂದಾಗಿ ತೊಡಕು ಕಾಣಿಸಿಕೊಂಡಿತು. ಒದ್ದೆ ಎಲೆ ಬಟ್ಟೆಯ ಮೇಲೆ ಜಾರಿತು. ಒಬ್ಬಟ್ಟಿನ ಸಾರು ಎಲೆಯಂಚು ದಾಟಿ ಹಚ್ಚಡಕ್ಕೆ ಇಳಿದು, ಅಲ್ಲಿಂದ ಅತ್ತೆಯ ರೇಷ್ಮೆ ಸೀರೆಗೆ ಹರಿಯಿತು. ಅದಕ್ಕಿಂತ ನನಗೆ ನೋವಾದದ್ದು ಬೇರೆ. ಬಿಸಿ ಅನ್ನಕ್ಕೆ ತುಪ್ಪ ಬಿದ್ದಾಗ ಬರುವ ಘಮ, ಆ ಬಿಸಿಗೆ ಎಲೆ ಗಾಢ ಹಸಿರಾಗಿ ಬಿಡುವ ಅದರದೇ ಒಂದು ಹಸಿ ವಾಸನೆ, ಎರಡೂ ಸುಗಂಧರಾಜದ ಕೆಳಗೆ ಮುಚ್ಚಿಹೋದವು. ಊಟಕ್ಕೆ ಕೂತವರಿಗೆ ಊಟದ ವಾಸನೆಯೇ ಬರಲಿಲ್ಲ.

ನಮ್ಮ ಮನೆಗಳಲ್ಲಿ ಹೂವಿಗೆ ಜಾಗ ಇಲ್ಲ ಅಂತಲ್ಲ. ದೇವರಿಗೆ ಉಂಟು, ಹೊಸ್ತಿಲಿಗೆ ಉಂಟು, ಮುಡಿಗೆ ಉಂಟು. ಉಣ್ಣುವ ಎಲೆಯ ಪಕ್ಕ ಮಾತ್ರ ಘಮದ ಹೂ ಇಟ್ಟದ್ದನ್ನು ನಾನು ಅಜ್ಜಿಯ ಮನೆಯಲ್ಲಿ ನೋಡಿರಲಿಲ್ಲ. ಯಾಕೆ ಅಂತ ಆ ದಿನ ಅರ್ಥವಾಯಿತು. ಚೈತ್ರದಲ್ಲಿ ಮೈಸೂರು ಮಲ್ಲಿಗೆ ಮಾರುಕಟ್ಟೆ ತುಂಬ ಬರುತ್ತದೆ, ಅದನ್ನು ಬಿಟ್ಟಿರಲು ನನಗೂ ಆಗುವುದಿಲ್ಲ. ಈಗ ಅದು ಬಾಗಿಲಲ್ಲಿ ಮಾವಿನ ತೋರಣದ ಜೊತೆ ಇರುತ್ತದೆ, ಬಂದವರ ಮುಡಿಯಲ್ಲಿರುತ್ತದೆ. ಮೇಜಿನ ಕೊನೆಯಲ್ಲಿ ಒಂದು ತಾಮ್ರದ ಚೊಂಬು ಇಟ್ಟು ಅದರಲ್ಲಿ ಬೇವಿನ ಒಂದೇ ಒಂದು ರೆಂಬೆ ಇಡುತ್ತೇನೆ. ತಾಮ್ರದ ಬಣ್ಣವೇ ಇರುವ ಎಳೆ ಚಿಗುರು, ಅದರ ಸಂದಿನಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ಬಿಳಿ ಮೊಗ್ಗು. ಬೇವಿನ ಹೂವಿಗೆ ಜೇನಿನಂಥ ಮೆಲು ಘಮ ಇದೆ. ಮೂಗು ಹತ್ತಿರ ಒಯ್ದರೆ ಮಾತ್ರ ಗೊತ್ತಾಗುತ್ತದೆ, ಊಟದ ಮಧ್ಯೆ ಬಾಯಿ ಹಾಕುವುದಿಲ್ಲ.

ಆ ವರ್ಷದ ಇನ್ನೊಂದು ತೊಡಕನ್ನು ಬಗೆಹರಿಸಲು ನನಗೆ ಒಂದು ವರ್ಷ ಬೇಕಾಯಿತು. ಬಡಿಸುವುದಕ್ಕೇ ಆಗಿರಲಿಲ್ಲ. ಮೇಜಿನ ಎರಡೂ ಕಡೆ ಜನ ಎದುರುಬದುರು ಕೂತಿದ್ದರು. ನಾನು ಹಿಂದಿನಿಂದ ಬಂದು ಹೆಗಲ ಮೇಲಿಂದ ಕೈ ಚಾಚಿ ಪಲ್ಯ ಹಾಕಬೇಕಿತ್ತು. ಯಾರ ಎಲೆಯಲ್ಲಿ ಏನು ಖಾಲಿಯಾಗಿದೆ ಅನ್ನುವುದೇ ಕಾಣುತ್ತಿರಲಿಲ್ಲ. ಕೊನೆಗೆ ಪಾತ್ರೆಗಳನ್ನೆಲ್ಲ ನಡುವೆ ಇಟ್ಟು "ನೀವೇ ಹಾಕಿಕೊಳ್ಳಿ" ಅಂದೆ. ಅಂದವಳೇ ಅಡುಗೆಮನೆಗೆ ಹೋಗಿ ಸುಮ್ಮನೆ ನಿಂತೆ. ಹಬ್ಬದ ದಿನ ಎಲೆ ಮುಂದೆ ಕೂತವರಿಗೆ ಆ ಮಾತು ಹೇಳಿದ್ದು ಇವತ್ತಿಗೂ ಚುಚ್ಚುತ್ತದೆ.

ಮರುವರ್ಷ ಒಂದು ಮದುವೆಯಲ್ಲಿ ಊಟಕ್ಕೆ ಕೂತಿದ್ದಾಗ ಕಣ್ಣಿಗೆ ಬಿತ್ತು. ನಮ್ಮ ಛತ್ರಗಳಲ್ಲಿ ಉದ್ದುದ್ದ ಮೇಜಿನ ಸಾಲುಗಳಿರುತ್ತವೆ, ಜನ ಒಂದೇ ಕಡೆ ಕೂರುತ್ತಾರೆ. ಎದುರುಗಡೆ ಬಡಿಸುವವರು ಓಡಾಡಲು ದಾರಿ. ನೆಲದ ಪಂಕ್ತಿ ಮೇಜಿಗೆ ಏರಿದಾಗ ಈ ಒಂದನ್ನು ಬಿಟ್ಟುಕೊಡಲಿಲ್ಲ. ಬಡಿಸುವವರು ಉಣ್ಣುವವರ ಮುಂದೆಯೇ ನಡೆಯುತ್ತಾರೆ. ಮುಖ ಕಾಣುತ್ತದೆ, ಎಲೆ ಕಾಣುತ್ತದೆ, ಬೇಕೋ ಬೇಡವೋ ಅನ್ನುವುದು ಕೈಸನ್ನೆಯಲ್ಲೇ ತಿಳಿಯುತ್ತದೆ. ನಾನು ಅಷ್ಟು ವರ್ಷ ನೂರಾರು ಪಂಕ್ತಿಯಲ್ಲಿ ಉಂಡಿದ್ದರೂ ಇದನ್ನು ಗಮನಿಸಿರಲಿಲ್ಲ.

ಅವತ್ತಿನಿಂದ ನಮ್ಮ ಮನೆಯಲ್ಲಿ ಯುಗಾದಿಗೆ ಮೇಜು ಜಾಗ ಬದಲಿಸುತ್ತದೆ. ಅದನ್ನು ಗೋಡೆಯ ಕಡೆಗೆ ಎಳೆದು, ಮಗಳು ಓದುವ ಮೇಜನ್ನು ಅದರ ತಲೆಗೆ ಜೋಡಿಸುತ್ತೇವೆ. ಗೋಡೆ ಮತ್ತು ಮೇಜಿನ ನಡುವೆ ಕುರ್ಚಿಗಳು, ಈಚೆಗೆ ಪೂರ್ತಿ ಖಾಲಿ. ಒಂದು ಸಾಲಿಗೆ ಐದು ಎಲೆ ಹಿಡಿಸುತ್ತದೆ. ಹತ್ತು ಜನ ಆದರೆ ಎರಡು ಪಂಕ್ತಿ. ಮೇಜಿನ ಮೇಲೆ ಬಟ್ಟೆ ಇಲ್ಲ, ಬರೀ ಮರ. ನೀರಿನ ಲೋಟ ಎಡಗಡೆ. ಪಾತ್ರೆ, ಸೌಟು ಒಂದೂ ಮೇಜಿನ ಮೇಲೆ ಬರುವುದಿಲ್ಲ, ಎಲ್ಲ ಬಡಿಸುವವರ ಕೈಯಲ್ಲಿ. ಸಾರು ಹರಿಯುವ ಸಮಸ್ಯೆಯನ್ನು ಅಮ್ಮ ಬಗೆಹರಿಸಿದರು. ಎಲೆಗೆ ಅಂಚು ಇಲ್ಲ, ಅದಕ್ಕೇ ಅನ್ನದಲ್ಲೇ ಕಟ್ಟೆ ಕಟ್ಟಬೇಕು. ಅನ್ನ ಬಡಿಸಿದ ಮೇಲೆ ನಡುವೆ ಸಣ್ಣ ಗುಳಿ ಮಾಡಿಕೊಳ್ಳುವುದು, ಬಡಿಸುವವರು ಸೌಟನ್ನು ಎತ್ತರದಿಂದ ಸುರಿಯದೆ ಆ ಗುಳಿಯ ಬಾಯಿಗೆ ತಂದು ಮೆಲ್ಲಗೆ ಬಾಗಿಸುವುದು. ನನ್ನ ಗಂಡನಿಗೆ ಇದು ಚೆನ್ನಾಗಿ ಒಗ್ಗಿದೆ. ಸಾರಿನ ಪಾತ್ರೆ ಈಗ ಅವರದ್ದೇ.

ಇಷ್ಟು ಮಾಡಿದ ಮೇಲೆ ಮೇಜಿನ ಅಂದಕ್ಕೆ ಬೇರೇನೂ ಬೇಕು ಅಂತ ನನಗೆ ಅನ್ನಿಸಿಲ್ಲ. ಎಲೆಗೆ ಬಣ್ಣ ತರುವುದು ಕಾಲವೇ. ಹೆಸರುಬೇಳೆ ಕೋಸಂಬರಿಯ ತಿಳಿಹಳದಿ, ಅದರಲ್ಲಿ ಸೌತೆಕಾಯಿ, ತೆಂಗಿನ ಬಿಳಿ. ಮಾವಿನಕಾಯಿ ಚಿತ್ರಾನ್ನದ ಅರಿಸಿನ, ನಡುವೆ ಕೆಂಪು ಬ್ಯಾಡಗಿ ಮೆಣಸಿನಕಾಯಿಯ ಒಂದು ತುಂಡು. ಎಳೆ ಹಲಸಿನಕಾಯಿ ಪಲ್ಯ ಸಿಕ್ಕರೆ ಅದರ ಮಾಸಲು ಕಂದು. ಒಬ್ಬಟ್ಟಿನ ಮೇಲೆ ಕಾವಲಿಯ ಕಲೆಗಳು, ತುಪ್ಪದ ಹೊಳಪು. ಒಂದೊಂದನ್ನೂ ಇಷ್ಟಿಷ್ಟೇ ಬಡಿಸಬೇಕು. ನಡುವೆ ಹಸಿರು ಕಾಣುತ್ತಿರಬೇಕು. ಎಲೆ ತುಂಬಿಸಿಬಿಟ್ಟರೆ ಅದು ಎಲೆಯೋ ತಟ್ಟೆಯೋ ಗೊತ್ತಾಗದೆ ಹೋಗುತ್ತದೆ. ಮತ್ತೆ ಬಂದು ಕೇಳಲು ಬಡಿಸುವವರಿಗೆ ಕಾರಣವೂ ಉಳಿಯುವುದಿಲ್ಲ. ನಮ್ಮ ಕಡೆ ಇದಕ್ಕೆ ವಿಚಾರಿಸಿಕೊಳ್ಳುವುದು ಅನ್ನುತ್ತಾರೆ. ಊಟ ಹೇಗಿತ್ತು ಅಂತ ಕೇಳಿದರೆ ಹಳಬರು "ಚೆನ್ನಾಗಿ ವಿಚಾರಿಸಿಕೊಂಡರು" ಅನ್ನುತ್ತಿದ್ದರೇ ಹೊರತು ಏನೇನು ಇತ್ತು ಅಂತ ಮೊದಲು ಹೇಳುತ್ತಿರಲಿಲ್ಲ.

ಕಾಲ ಅಂದೆ. ಯುಗಾದಿ ಪ್ರತಿ ವರ್ಷ ವಸಂತದ ಒಂದೇ ಹೆಜ್ಜೆಯಲ್ಲಿ ಬರುವುದಿಲ್ಲ. 2024ರಲ್ಲಿ ಏಪ್ರಿಲ್ 9ಕ್ಕೆ ಬಂತು, 2025ರಲ್ಲಿ ಮಾರ್ಚ್ 30ಕ್ಕೆ, 2026ರ ಪರಾಭವ ಸಂವತ್ಸರದ ಯುಗಾದಿ ಮಾರ್ಚ್ 19ಕ್ಕೇ. ಚಾಂದ್ರಮಾನದ ವರ್ಷಕ್ಕೆ 354 ದಿನ, ಸೂರ್ಯನ ಲೆಕ್ಕಕ್ಕಿಂತ ಸುಮಾರು 11 ದಿನ ಕಡಿಮೆ. ಹಾಗೆ ಹಿಂದೆ ಹಿಂದೆ ಸರಿದು, ಒಂದು ಅಧಿಕ ಮಾಸ ಬಂದಾಗ ಮತ್ತೆ ಮುಂದಕ್ಕೆ ಜಿಗಿಯುತ್ತದೆ. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ 2027ರ ಯುಗಾದಿ ಏಪ್ರಿಲ್ 7ಕ್ಕೆ ಹೋಗುತ್ತದೆ. ಪಂಚಾಂಗದ ಈ ಲೆಕ್ಕ ನನ್ನ ಎಲೆಯ ಮೇಲೆ ಕಾಣುತ್ತದೆ. ಏಪ್ರಿಲ್‌ನ ಯುಗಾದಿಗೆ ನಮ್ಮ ಬೀದಿಯ ಬೇವು ಹೂವಿನಿಂದ ತುಂಬಿತ್ತು, ಟವೆಲ್ ಹಾಸಿ ರೆಂಬೆ ಅಲುಗಿಸಿದರೆ ಬೇವು ಬೆಲ್ಲಕ್ಕೆ ಸಾಕಷ್ಟು ಉದುರಿತು. ಮಾರ್ಚ್ 19ಕ್ಕೆ ಬರೀ ಮೊಗ್ಗು. ಮೊಗ್ಗು ಮತ್ತು ಎಳೆ ಚಿಗುರನ್ನೇ ಬೆಲ್ಲದ ಜೊತೆ ಕುಟ್ಟಿದೆ. ಆ ವರ್ಷದ ಕಹಿ ಹೆಚ್ಚು ಹಸಿಯಾಗಿತ್ತು, ನಾಲಿಗೆಯ ಹಿಂದೆ ತುಂಬಾ ಹೊತ್ತು ನಿಂತಿತು. ಹುಬ್ಬಳ್ಳಿ ಕಡೆಯ ನನ್ನ ಗೆಳತಿಯ ಮನೆಯಲ್ಲಿ ಬೇವು ಅಂದರೆ ಕುಡಿಯುವಂಥದ್ದು. ಬೆಲ್ಲದ ನೀರಿಗೆ ಹುರಿಗಡಲೆ ಪುಡಿ, ಮಾವಿನಕಾಯಿ, ದ್ರಾಕ್ಷಿ, ಗೋಡಂಬಿ, ಮೇಲೆ ಒಂದಿಷ್ಟು ಬೇವಿನ ಹೂ. ಅವಳು ಬಂದ ವರ್ಷ ನಮ್ಮ ಪಂಕ್ತಿಗೆ ಮೊದಲು ಎಲ್ಲರಿಗೂ ಒಂದೊಂದು ಸಣ್ಣ ಲೋಟ ಕೊಟ್ಟಳು. ನನ್ನ ಮಗಳು ಮೂರು ಸಲ ಕೇಳಿ ಕುಡಿದಳು.

ಬಾಳೆಲೆ ಸಿಗದ ಕಡೆ ಏನು ಮಾಡುವುದು ಅಂತ ಕೆಲವರು ಕೇಳುತ್ತಾರೆ. ಅಜ್ಜಿಯ ಮನೆಯಲ್ಲಿ ಬಾಳೆಲೆ ಇದ್ದೂ ಮುತ್ತುಗದ ಎಲೆ ಹೊಲಿದು ಅಟ್ಟದಲ್ಲಿ ಇಟ್ಟಿರುತ್ತಿದ್ದರು. ಯುಗಾದಿಯ ಆಸುಪಾಸಿನಲ್ಲಿ ಮುತ್ತುಗದ ಮರದಲ್ಲಿ ಎಲೆ ಇರುವುದಿಲ್ಲ, ಬರೀ ಕೆಂಡದಂಥ ಹೂವು. ಎಲೆ ಆಮೇಲೆ ಚಿಗುರುತ್ತದೆ. ಬಲಿತ ಎಲೆ ಕಿತ್ತು, ಸಣ್ಣ ಕಡ್ಡಿಯಿಂದ ಚುಚ್ಚಿ ಗುಂಡಗೆ ಹೊಲಿದು, ಒಣಗಿಸಿ, ಭಾರ ಹೇರಿ ಇಟ್ಟರೆ ಎಷ್ಟೋ ತಿಂಗಳು ಕೆಡದು. ಮಲೆನಾಡಿನವರಿಗೆ ಅಡಿಕೆ ಹಾಳೆ ಇದೆ. ಇವೆಲ್ಲ ಒಳ್ಳೆಯವೇ. ಬಾಳೆಲೆಯ ಚಿತ್ರ ಅಚ್ಚು ಹಾಕಿ ಮೇಲೆ ಪ್ಲಾಸ್ಟಿಕ್ ಬಳಿದ ಕಾಗದದ ಎಲೆ ಮಾತ್ರ ಬೇಡ ಅಂತ ಕೈಮುಗಿದು ಹೇಳುತ್ತೇನೆ. ಅದರ ಮೇಲೆ ಬಿಸಿ ಅನ್ನ ಬಿದ್ದರೆ ಎಲೆಯ ವಾಸನೆ ಬರುವುದಿಲ್ಲ, ಉಂಡೆದ್ದ ಮೇಲೆ ಹಸುವಿಗೆ ಹಾಕುವಂತಿಲ್ಲ, ಮಣ್ಣಿಗೂ ಸೇರದು. ಮನೆಯ ಸ್ಟೀಲ್ ತಟ್ಟೆ ಅದಕ್ಕಿಂತ ಎಷ್ಟೋ ಪಾಲು ಮೇಲು, ತೊಳೆದು ಒರೆಸಿ, ಎಡತುದಿಗೆ ಉಪ್ಪು ಹಾಕಿದರೆ ಸಾಕು. ಯುಗಾದಿಯ ಮಾರನೇ ದಿನ ಹೊಸತೊಡಕು. ಆವತ್ತು ನಮ್ಮ ಮನೆಯಲ್ಲಿ ಮಾಂಸದೂಟ, ಮುತ್ತುಗದ ಎಲೆ, ಜನ ಜಾಸ್ತಿ, ಮಾತು ಜಾಸ್ತಿ. ಆ ಊಟದ ಸೊಗಸೇ ಬೇರೆ, ಅದಕ್ಕೆ ಒಂದು ಬರಹವೇ ಬೇಕು.

ಇನ್ನು ಆ ಐದನೇ ಎಲೆ.

ನನ್ನ ಮಗಳು ಎಡಗೈಯವಳು. ಬರೆಯುವುದು, ಚೆಂಡು ಎಸೆಯುವುದು, ಉಣ್ಣುವುದು ಎಲ್ಲ ಎಡಗೈಯಲ್ಲೇ. ಚಿಕ್ಕವಳಿದ್ದಾಗ ಬಲಗೈಗೆ ತಿರುಗಿಸಲು ಅಮ್ಮ ಬಹಳ ಪ್ರಯತ್ನಪಟ್ಟರು. ಬೈಯಲಿಲ್ಲ, ಹೊಡೆಯಲಿಲ್ಲ, ತುತ್ತನ್ನು ಪ್ರತಿ ಸಲ ಬಲಗೈಗೆ ಇಡುತ್ತಿದ್ದರು. ಮಗು ಅದನ್ನು ಎಡಗೈಗೆ ಸಾಗಿಸಿ ಬಾಯಿಗೆ ಹಾಕಿಕೊಳ್ಳುತ್ತಿತ್ತು. ಎಡಗೈ ಊಟ ಅಂದರೆ ನಮ್ಮಲ್ಲಿ ಜನರ ಕಣ್ಣು ಹೇಗೆ ತಿರುಗುತ್ತದೆ ಅನ್ನುವುದು ಗೊತ್ತಿದ್ದವರಿಗೆ ಅಮ್ಮನ ಕಳವಳವೂ ಅರ್ಥವಾದೀತು.

ಅವಳಿಗೆ ಏಳು ವರ್ಷ ಆಗಿದ್ದಾಗ, ಯುಗಾದಿ ಪಂಕ್ತಿಯಲ್ಲಿ, ನಾನು ಅನ್ನದ ಪಾತ್ರೆ ಹಿಡಿದು ಎದುರು ನಿಂತಿದ್ದೆ. ಅವಳ ಎಲೆಯ ಕುಡಿ ಎಲ್ಲರ ಹಾಗೆ ಎಡಕ್ಕಿತ್ತು. ಎಡಗೈ ಆ ಕಿರಿದಾದ ತುದಿಯಲ್ಲಿ ಅನ್ನ ಕಲಸಲು ಒದ್ದಾಡುತ್ತಿತ್ತು. ಅಗುಳು ಮರದ ಮೇಲೆ ಚೆಲ್ಲುತ್ತಿತ್ತು, ಬೆರಳು ಉಪ್ಪಿನ ಮೇಲೆ ಬಿದ್ದು ಮೊಸರನ್ನ ಉಪ್ಪಾಗಿ, ಅವಳು ಯಾರಿಗೂ ಕಾಣದ ಹಾಗೆ ಮುಖ ತಗ್ಗಿಸಿ ನುಂಗುತ್ತಿದ್ದಳು. ಬಲಗಡೆ ಅಷ್ಟಗಲ ಎಲೆ ಖಾಲಿ ಬಿದ್ದಿತ್ತು. ಎದುರಿನಿಂದ ಬಡಿಸದೇ ಇದ್ದಿದ್ದರೆ ನನಗದು ಕಾಣುತ್ತಲೇ ಇರಲಿಲ್ಲ. ಉಣ್ಣೋ ಕೈ ಆಡೋ ಕಡೆ ಎಲೆ ಅಗಲವಾಗಿರಬೇಕು. ಅಜ್ಜಿ ಹೇಳಿದ್ದ ಮಾತು ಅಷ್ಟೇ ಅಲ್ಲವೇ?

ಮುಂದಿನ ವರ್ಷ ಅವಳ ಎಲೆಯನ್ನು ತಿರುಗಿಸಿ ಹಾಕಿದೆ. ಕುಡಿ ಬಲಕ್ಕೆ, ಅಗಲ ಎಡಕ್ಕೆ, ಉಪ್ಪು ಬಲತುದಿಗೆ. ಅಮ್ಮ ನೋಡಿದರು. "ಹಬ್ಬದ ದಿನ ಹಿಂಗೆಲ್ಲ ಹಾಕಬಾರದು" ಅಂದು ಎಲೆಯನ್ನು ಸರಿ ಮಾಡಲು ಕೈ ಹಾಕಿದರು. ನಾನು ಅಜ್ಜಿಯ ಮಾತು ನೆನಪಿಸಿದೆ. ಅಮ್ಮ ಏನೂ ಹೇಳಲಿಲ್ಲ. ಎಲೆ ಹಾಗೇ ಉಳಿಯಿತು, ಆದರೆ ಇಡೀ ಊಟದಲ್ಲಿ ಅವರು ಆ ಕಡೆ ನೋಡಲಿಲ್ಲ. ಮಗಳ ಎಲೆಯ ಸುತ್ತ ಒಂದು ಅಗುಳೂ ಚೆಲ್ಲಿರಲಿಲ್ಲ. ಎದ್ದವಳು ಕೈ ತೊಳೆಯಲು ಹೋಗುವಾಗ ಅಮ್ಮ ಎಲೆ ತೆಗೆಯಲು ಬಂದು, ಆ ಎಲೆಯ ಮುಂದೆ ಒಂದು ಗಳಿಗೆ ನಿಂತದ್ದನ್ನು ಮಾತ್ರ ನಾನು ನೋಡಿದೆ.

ಈ ಸಲ ನಾನು ಒಬ್ಬಟ್ಟು ಬೇಯಿಸುತ್ತಾ ಒಲೆಯ ಮುಂದೆಯೇ ಉಳಿದೆ. ಎಲೆ ಹಾಕುವ ಕೆಲಸ ಅಮ್ಮನೇ ವಹಿಸಿಕೊಂಡರು. ಕಾವಲಿ ಇಳಿಸಿ, ಕೈ ಒರೆಸಿಕೊಂಡು ಹೊರಗೆ ಬಂದಾಗ ಮೇಜಿನ ಮೇಲೆ ಬಿಸಿಲು ಬಿದ್ದಿತ್ತು. ನಾಲ್ಕು ಎಲೆಯ ಕುಡಿ ಎಡಕ್ಕೆ, ಕೊನೆಯದರದ್ದು ಬಲಕ್ಕೆ. ನೀರಿನ ಲೋಟವನ್ನೂ ಆ ಒಂದು ಎಲೆಗೆ ಬಲಗಡೆಗೆ ಇಟ್ಟಿದ್ದರು. ಅದು ನನಗೆ ಹೊಳೆದೇ ಇರಲಿಲ್ಲ. ಅಮ್ಮ ಉಪ್ಪಿನ ಬಟ್ಟಲು ಹಿಡಿದು ಸಾಲಿನ ಗುಂಟ ಬರುತ್ತಿದ್ದರು. ಎಡತುದಿ, ಎಡತುದಿ, ಎಡತುದಿ, ಎಡತುದಿ. ಕೊನೆಯ ಎಲೆಯ ಮುಂದೆ ಬಟ್ಟಲನ್ನು ಇನ್ನೊಂದು ಕೈಗೆ ಬದಲಿಸಿಕೊಂಡು, ಬಲತುದಿಗೆ ಒಂದು ಚಿಟಿಕೆ ಇಟ್ಟು, "ಕರಿ ಅವಳನ್ನ, ಎಲೆ ಆರುತ್ತೆ" ಅಂದರು.